ಹಸಿದ ಕುದುರೆಯೂ ನಮ್ಮ ಜೀವದಯೆಯೂ

ಮೂರನೆಯ ತೀರ್ಥಂಕರ ಸಂಭವನಾಥ ಸ್ವಾಮಿಯ ಲಾಂಛನ ಕುದುರೆ. ಬಸದಿಯಲ್ಲಿ ಸ್ವಾಮಿಗೆ ಕೈಮುಗಿದು ಹೊರಬರುವ ನಾವು, ರಸ್ತೆ ಬದಿಗೆ ಎಲುಬು ಎಣಿಸುವಂತೆ ನಿಂತ ಕುದುರೆಯನ್ನು ಕಂಡೂ ಕಾಣದವರಂತೆ ಹೋಗುತ್ತೇವೆ. ನಾವೂ ಹಾಗೆ ಹೋದವರೇ. ಮುಂದೆ ದಯೆ ತೋರಲು ಹೋಗಿ ಎರಡು ತಪ್ಪು ಮಾಡಿದೆವು. ಅವುಗಳನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಉಮರ್ಗಾ, ನಿಲಂಗಾ, ಉದಗೀರ ಸೀಮೆಗೆ ಕುದುರೆ ಹೊಸದಲ್ಲ. 1760ರಲ್ಲಿ ಉದಗೀರದಲ್ಲಿ ಮರಾಠರಿಗೂ ನಿಜಾಮನಿಗೂ ಯುದ್ಧವಾಯಿತು. ನಾಂದೇಡ ಜಿಲ್ಲೆಯ ಮಾಳೇಗಾವ ಖಂಡೋಬಾ ಜಾತ್ರೆಯಲ್ಲಿ ಇಂದಿಗೂ ಕುದುರೆ, ಕತ್ತೆಗಳ ವ್ಯಾಪಾರ ನಡೆಯುತ್ತದೆ. ಆದರೆ ಟಾಂಗಾ ಹೋಗಿ ಆಟೋ ಬಂದ ಮೇಲೆ ಕುದುರೆಗೆ ಉಳಿದದ್ದು ಮದುವೆಯ ವರಾತ ಒಂದೇ. ಹಂಗಾಮು ಮುಗಿದರೆ ಗಳಿಕೆ ಇಲ್ಲ. ಗಳಿಕೆ ಇಲ್ಲದ ಬಾಯಿಗೆ ಮೇವೂ ಇಲ್ಲ.

ಕೆಲವು ವರ್ಷಗಳ ಹಿಂದೆ ದಾಳಿಂಬದಲ್ಲಿ ನಮ್ಮ ಅಂಗಡಿಯ ಎದುರಿಗೆ ಒಂದು ಹೆಣ್ಣು ಕುದುರೆ ಬಂದು ನಿಂತಿತು. ಬೆನ್ನ ಮೇಲೆ ಜೀನಿನ ಹುಣ್ಣು, ಬೆಳೆದು ಮುಂದಕ್ಕೆ ಬಾಗಿದ ಗೊರಸು. ನಮ್ಮ ಮನೆಯವರು, "ಇದಕ್ಕೊಂದು ಗತಿ ಕಾಣಿಸ್ರಿ" ಎಂದರು. ಮಾಲೀಕನನ್ನು ಕರೆಸಿ, ಕೇಳಿದಷ್ಟು ಹಣ ಕೊಟ್ಟು ಬಿಡಿಸಿಕೊಂಡೆವು. ದೊಡ್ಡ ಪುಣ್ಯ ಕಟ್ಟಿಕೊಂಡೆವೆಂಬ ಹೆಮ್ಮೆ ನಮಗೆ.

ಅಂದು ಸಂಜೆಯೇ ಬುಟ್ಟಿ ತುಂಬ ಜೋಳ, ಕಡಲೆ ಸುರಿದೆವು. ಹಸಿದ ಪ್ರಾಣಿ ತಲೆ ಎತ್ತದೆ ತಿಂದಿತು. ಬೆಳಗಿನ ಜಾವ ನೆಲಕ್ಕೆ ಬಿದ್ದು ಹೊರಳಾಡತೊಡಗಿತು. ಓಡಿ ಬಂದ ಪಶುವೈದ್ಯರು, "ಸಾವುಕಾರ್ರೇ, ಹಸಿವಿನಿಂದ ಸಾಯದ ಕುದುರೆ ನಿಮ್ಮ ಬುಟ್ಟಿಯಿಂದ ಸಾಯ್ತಿತ್ತು" ಎಂದರು.

ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅದರ ಜಠರ ದೇಹಕ್ಕೆ ಹೋಲಿಸಿದರೆ ಚಿಕ್ಕದು. ಬಹುದಿನ ಉಪವಾಸವಿದ್ದ ಕುದುರೆಗೆ ಒಮ್ಮೆಲೇ ಕಾಳು ಹಾಕಿದರೆ ಹೊಟ್ಟೆಶೂಲೆ ಬರುತ್ತದೆ, ಗೊರಸಿನೊಳಗೆ ಉರಿಯೂತವಾಗಿ ಕುಂಟುತ್ತದೆ, ರಕ್ತದ ಲವಣಗಳು ಏರುಪೇರಾಗಿ ಪ್ರಾಣವೂ ಹೋಗಬಹುದು. ಮೊದಲು ನೀರು ಮತ್ತು ಒಣಮೇವು. ಲೂಸರ್ನ್ ಎನ್ನುವ ಕುದುರೆ ಮೆಂತೆ ಸಿಕ್ಕರೆ ಬಹಳ ಒಳ್ಳೆಯದು. ಅದನ್ನೂ ದಿನಕ್ಕೆ ಆರು ಬಾರಿ ಸ್ವಲ್ಪ ಸ್ವಲ್ಪವೇ ಕೊಟ್ಟು, ಹತ್ತಾರು ದಿನಗಳಲ್ಲಿ ಪ್ರಮಾಣ ಏರಿಸಬೇಕು. ಹಲ್ಲು ಹರಿತವಾಗಿ ಬೆಳೆದಿದ್ದರೆ ಉಜ್ಜಿಸಬೇಕು. ಗೊರಸನ್ನು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಕುದುರೆಯ ಗ್ಲಾಂಡರ್ಸ್ ರೋಗ ಮನುಷ್ಯರಿಗೂ ತಗಲುವುದರಿಂದ ಹೊಸ ಕುದುರೆಯನ್ನು ಬೇರೆ ಕಟ್ಟಿ ರಕ್ತ ಪರೀಕ್ಷೆ ಮಾಡಿಸಬೇಕು. ನಮ್ಮ ಕುದುರೆ ಬದುಕಿತು. ಆದರೆ ಎಷ್ಟೋ ತಿಂಗಳು ಕುಂಟಿತು. ಆ ಕುಂಟು ನಮ್ಮ ಕೊಡುಗೆ.

ಎರಡನೆಯ ತಪ್ಪು ತಿಳಿದದ್ದು ಮಾಳೇಗಾವ ಜಾತ್ರೆಯ ನಂತರ. ನಾವು ಕೊಟ್ಟ ಹಣದಿಂದಲೇ ಆ ಮಾಲೀಕ ಇನ್ನೊಂದು ಬಡಕಲು ತಟ್ಟು ಕೊಂಡು ತಂದಿದ್ದ! ಅವನನ್ನು ಬೈಯಲು ಹೋದೆವು. "ಮಕ್ಕಳ ಹೊಟ್ಟೆಗೆ ಏನ್ ಹಾಕ್ಲಿ ಅಣ್ಣಾ?" ಎಂದ. ನಮ್ಮಲ್ಲಿ ಉತ್ತರವಿರಲಿಲ್ಲ. ವ್ಯಾಪಾರಿಗಳಾದ ನಮಗೆ ಮೊದಲೇ ಹೊಳೆಯಬೇಕಿತ್ತು: ಗಿರಾಕಿ ಇದ್ದಲ್ಲಿ ಮಾಲು ಬಂದೇ ಬರುತ್ತದೆ. ಪ್ರಾಣಿಯನ್ನು ಬಿಡಿಸಿದರೆ ಸಾಲದು, ಮಾಲೀಕನ ಹೊಟ್ಟೆಗೂ ದಾರಿ ಮಾಡಬೇಕು. ಸೊಲ್ಲಾಪುರ, ಸಾಂಗಲಿ ಕಡೆ 2003ರಿಂದ ದುಡಿಯುತ್ತಿರುವ ಅನಿಮಲ್ ರಾಹತ್ ಸಂಸ್ಥೆ ಇಟ್ಟಿಗೆ ಭಟ್ಟಿಗಳಲ್ಲಿ ಕತ್ತೆಗಳ ಬದಲಿಗೆ ಟ್ರ್ಯಾಕ್ಟರ್ ಬರುವಂತೆ ಮಾಡಿ, ಬಿಡುಗಡೆಯಾದ ಪ್ರಾಣಿಗಳನ್ನು ಆಶ್ರಯಧಾಮಕ್ಕೆ ಕಳಿಸುತ್ತದೆ. ನಾವು ಆ ಮನುಷ್ಯನಿಗೆ ತರಕಾರಿ ಮಾರುವ ಕೈಗಾಡಿ ಕೊಡಿಸಿದೆವು. ಎರಡನೆಯ ತಟ್ಟು ಮೊದಲಿನದರ ಜೊತೆ ನಮ್ಮ ಹೊಲಕ್ಕೆ ಬಂತು.

ಈ ಕೆಲಸ ನಮ್ಮ ಸಮಾಜಕ್ಕೆ ಹೊಸದೇನಲ್ಲ. ಮುಂಬಯಿಯ ಪಾಂಜರಪೋಳ 1834ರಲ್ಲೇ ಆರಂಭವಾಯಿತು. ಜೈನ ವರ್ತಕ ಅಮೀಚಂದ್ ಶಹಾ ಮತ್ತು ಪಾರ್ಸಿ ವರ್ತಕ ಜಮಶೇಟ್‌ಜಿ ಜೀಜೀಭಾಯ್ ಕೂಡಿ ಕಟ್ಟಿದ್ದು. ಅದೇ ಮುಂಬಯಿಯಲ್ಲಿ ಮೋಜಿನ ಸವಾರಿಯ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರವೆಂದು ಹೈಕೋರ್ಟ್ 2015ರಲ್ಲಿ ತೀರ್ಪು ನೀಡಿತು. 1965ರ ನಿಯಮಗಳ ಪ್ರಕಾರ ಗಾಡಿ ಎಳೆಯುವ, ಹೇರು ಹೊರುವ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣತೆ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರ ತನಕ ದುಡಿಸುವಂತೆಯೇ ಇಲ್ಲ. ನಮ್ಮ ಮರಾಠವಾಡದ ಬೇಸಿಗೆಯಲ್ಲಿ ಇದನ್ನು ಯಾರು ನೋಡುತ್ತಾರೆ?

ಸರಕಾರದ ಕಾಯಿದೆ ಈಚಿನದು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಎರಡನ್ನು ನಾವು ಬಾಲ್ಯದಲ್ಲೇ ಬಾಯಿಪಾಠ ಮಾಡಿದ್ದೇವೆ. ಹೆಚ್ಚು ಹೊರೆ ಹೇರುವುದು, ಮೇವು-ನೀರು ತಪ್ಪಿಸುವುದು. ಆದರೂ ನಮ್ಮ ಮದುವೆಗಳಲ್ಲಿ, ಮೆರವಣಿಗೆಗಳಲ್ಲಿ ಬಾಡಿಗೆ ಕುದುರೆ ಪಟಾಕಿಯ ನಡುವೆ ಬೆದರಿ ನಿಂತಿರುತ್ತದೆ. ಅದಕ್ಕೆ ನೀರು ಕೊಟ್ಟಿದ್ದಾರೆಯೇ ಎಂದು ಕೇಳುವವರಿಲ್ಲ.

ಕಳೆದ ವರ್ಷ ನಮ್ಮ ಮೊಮ್ಮಗನ ಮದುವೆಯಲ್ಲಿ ವರ ಕಾರಿನಲ್ಲಿ ಬಂದ. ಬೀಗರು ಮುಖ ಸಣ್ಣದು ಮಾಡಿದರು. ಉಳಿದ ಹಣದಲ್ಲಿ ಎರಡೂ ಕುದುರೆಗಳಿಗೆ ಬೇಸಿಗೆಯ ಕಣಿಕೆ ಬಂತು. ಬೀಗರಿಗೆ ಅದನ್ನು ಇನ್ನೂ ಹೇಳಿಲ್ಲ. ಈ ಸಂಚಿಕೆ ಅವರ ಮನೆಗೂ ಹೋಗುತ್ತದೆ, ಓದಿಯಾರು.