ಬೋರ್ಡು ವೈನ್ಸ್, ಒಳಗೆ ಬ್ರಾಂದಿ!

ಬಸ್‌ಸ್ಟ್ಯಾಂಡ್ ಎದುರು 'ವೈನ್ಸ್' ಎಂಬ ಬೋರ್ಡು ಝಗಮಗಿಸುತ್ತದೆ. ಒಳಗೆ ಹೋದರೆ ಸಿಗೋದು ಬ್ರಾಂದಿ, ರಮ್ಮು! ಅಸಲಿ ವೈನ್ ಇದ್ದರೂ ಬಿಸಿಲು ಬೀಳುವ ಮೂಲೆಯಲ್ಲಿ ಧೂಳು ತಿನ್ನುತ್ತಿರುತ್ತದೆ. ಬೇಸಿಗೆ ಸಂಜೆಗೆ ತಣ್ಣನೆಯ ಬಿಳಿ ವೈನ್ ಬಯಸುವ ಗಿರಾಕಿ ಮೋಸ ಹೋಗೋದು ಅಲ್ಲೇ.

ಅದಕ್ಕಾಗಿ ಫ್ರಾನ್ಸಿನ ಬಾಟಲಿಗೆ ದುಡ್ಡು ಸುರಿಯಬೇಕಿಲ್ಲ. ದೊಡ್ಡಬಳ್ಳಾಪುರದ ಬಳಿ ನಂದಿ ಬೆಟ್ಟದ ತಪ್ಪಲಲ್ಲಿ, ಅತ್ತ ನಾಸಿಕದಲ್ಲಿ ಇದರ ದ್ರಾಕ್ಷಿ ಬೆಳೆಯುತ್ತದೆ. ರಾಜ್ಯ ಸರ್ಕಾರ 2007ರಲ್ಲೇ ವೈನ್ ನೀತಿ ತಂದಿತು. ಸಿಹಿ ಬೇಡವೆಂದರೆ 'ಡ್ರೈ' ಎಂದು ಕೇಳಿ ಪಡೆಯಬೇಕು. ಸೊವಿನ್ಯೋಂ ಬ್ಲಾಂಕ್ ಸಾಮಾನ್ಯವಾಗಿ ಡ್ರೈ, ನಿಂಬೆಯಂತೆ ಚುರುಕು. ಶೆನಿನ್ ಬ್ಲಾಂಕ್‌ನಲ್ಲಿ ಸಿಹಿಯದೂ ಇದೆ, ಡ್ರೈಯೂ ಇದೆ. ಲೇಬಲ್ ಓದದೆ ಕಾಸು ಬಿಚ್ಚಬಾರದು.

'ಹಳೇದಾದಷ್ಟೂ ರುಚಿ' ಎಂಬ ಮಾತು ಅಗ್ಗದ ಬಿಳಿ ವೈನಿಗೆ ಸಲ್ಲದು. ಒಂದೆರಡು ವರ್ಷದೊಳಗಿನದೇ ಸರಿ. ಬಣ್ಣ ಕಂದಿಗೆ ತಿರುಗಿದ್ದರೆ ವಾಪಸ್ ಕೊಡಿ. ಒಳ್ಳೇದು ಸಿಕ್ಕರೆ ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಸಾಕು, ಐಸ್ ಹಾಕಿ ನೀರು ಮಾಡೋದು ಬೇಡ.

ಅಂಗಡಿಯವರೂ ಅಷ್ಟೇ: ಬಾಟಲಿಯನ್ನು ಬಿಸಿಲಿನಿಂದ ತೆಗೆದು ತಂಪಿನಲ್ಲಿಡಲಿ. ಖರ್ಚಿಲ್ಲದ ಕೆಲಸ, ಗಿರಾಕಿ ಮತ್ತೆ ಬರ್ತಾನೆ!