ನೆಲಕ್ಕೆ ಪಹಣಿ, ಚಿಪ್ಪಿಗೆ ಡಿವೈಸ್ ಟ್ರೀ

ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಲಿನಕ್ಸ್ ಅದನ್ನು ಗುರುತು ಹಿಡಿಯುತ್ತದೆ. ಯುಎಸ್‌ಬಿ ಸಾಧನವನ್ನು ಕೇಳಿದರೆ ಅದೇ ತನ್ನ ತಯಾರಕರ ಸಂಖ್ಯೆ, ಮಾದರಿ ಸಂಖ್ಯೆ ಹೇಳಿಬಿಡುತ್ತದೆ. ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಎತರ್ನೆಟ್ ಕೂಡ ಯುಎಸ್‌ಬಿ ಮೂಲಕವೇ ಇದ್ದದ್ದರಿಂದ ಅದಕ್ಕೂ ಈ ಅನುಕೂಲವಿತ್ತು. 2019ರಲ್ಲಿ ಬಂದ ಪೈ 4ರಲ್ಲಿ ಎತರ್ನೆಟ್ ನಿಯಂತ್ರಕವು ಬ್ರಾಡ್‌ಕಾಮ್‌ನ ಬಿಸಿಎಂ2711 ಚಿಪ್ಪಿನೊಳಗೇ ಸೇರಿತು. ಯುಎಸ್‌ಬಿ 2.0ರ ಮಿತಿ ತಪ್ಪಿ ಪೂರ್ಣ ಗಿಗಾಬಿಟ್ ವೇಗ ಸಿಕ್ಕಿತು. ಆದರೆ ಚಿಪ್ಪಿನೊಳಗಿನ ನಿಯಂತ್ರಕ ತಾನಾಗಿ ಬಾಯಿ ಬಿಡುವುದಿಲ್ಲ. ಪ್ರೊಸೆಸರ್ ಪಾಲಿಗೆ ಅದು ಬರೀ ಒಂದಷ್ಟು ಮೆಮೊರಿ ವಿಳಾಸ.

ಹೊಲ ತನ್ನ ಸರ್ವೆ ನಂಬರನ್ನು ತಾನೇ ಹೇಳುವುದಿಲ್ಲ, ಪಹಣಿ ಹೇಳುತ್ತದೆ. ಇಲ್ಲಿ ಆ ಕೆಲಸ ಡಿವೈಸ್ ಟ್ರೀಯದು. ಮನುಷ್ಯರು ಬರೆದ ಈ ಪಠ್ಯ ಬೈನರಿಯಾಗಿ ಕಂಪೈಲ್ ಆಗಿ, ಬೂಟ್ ಆಗುವಾಗ ಕರ್ನೆಲ್ ಕೈ ಸೇರುತ್ತದೆ. 'ಕಂಪ್ಯಾಟಿಬಲ್' ಎಂಬ ಸಾಲನ್ನು ನೋಡಿ ಕರ್ನೆಲ್ ತಕ್ಕ ಡ್ರೈವರನ್ನು ಹುಡುಕುತ್ತದೆ. ಪೈ 4ರ ಎತರ್ನೆಟ್ ನಿಯಂತ್ರಕದ 'ರೆಗ್' ಸಾಲಿನಲ್ಲಿ ರಿಜಿಸ್ಟರುಗಳು ಶುರುವಾಗುವ ವಿಳಾಸ ಮತ್ತು 64 ಕಿಲೋಬೈಟ್ ವಿಸ್ತಾರ ಇರುತ್ತದೆ. ಇಂಟರಪ್ಟ್ ಸಂಖ್ಯೆಗಳು 157 ಮತ್ತು 158. ಚಿಪ್ಪಿನ ಫೈಲಿನಲ್ಲಿ ಈ ನಿಯಂತ್ರಕದ ಸ್ಥಿತಿ 'ಡಿಸೇಬಲ್ಡ್'. ಬೋರ್ಡಿನ ಫೈಲು ಅದನ್ನು 'ಓಕೆ' ಎಂದು ಬದಲಿಸುತ್ತದೆ. ಇದು ಬಹಳ ವಿವೇಕದ ಏರ್ಪಾಟು, ಏಕೆಂದರೆ ಅದೇ ಚಿಪ್ಪು ಎತರ್ನೆಟ್ ಕಿಂಡಿಯೇ ಇಲ್ಲದ ಬೋರ್ಡಿನಲ್ಲೂ ಕೂರಬಹುದು.

ಕಷ್ಟವಿರುವುದು 'ಫೈ-ಮೋಡ್' ಎಂಬ ಒಂದು ಸಾಲಿನಲ್ಲಿ. ನಿಯಂತ್ರಕ ಕೇಬಲ್ಲಿಗೆ ನೇರವಾಗಿ ಮಾತಾಡುವುದಿಲ್ಲ. ನಡುವೆ ಫೈ ಎಂಬ ಇನ್ನೊಂದು ಚಿಪ್ಪಿದೆ. ಆರ್‌ಜಿಎಂಐಐ ಎಂಬ ಇವೆರಡರ ಸಂಪರ್ಕದಲ್ಲಿ ಗಿಗಾಬಿಟ್ ವೇಗಕ್ಕೆ ಗಡಿಯಾರ ಸಂಕೇತ 125 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಅದರ ಏರಿಕೆಗೆ ನಾಲ್ಕು ಬಿಟ್, ಇಳಿಕೆಗೆ ನಾಲ್ಕು ಬಿಟ್ ಸಾಗುತ್ತವೆ. ಒಂದು ಆವರ್ತಕ್ಕೆ 8 ನ್ಯಾನೋಸೆಕೆಂಡ್. ಬಿಟ್‌ಗಳು ಸ್ಥಿರವಾಗಿ ನಿಂತಿರುವ ಹೊತ್ತಿಗೇ ಓದಬೇಕಾದರೆ ಗಡಿಯಾರವನ್ನು ಸುಮಾರು 2 ನ್ಯಾನೋಸೆಕೆಂಡ್ ತಡ ಮಾಡಬೇಕು. ಆ ತಡವನ್ನು ಯಾರು ಮಾಡಬೇಕು? ಪೈ 4ರ ಫೈಲಿನಲ್ಲಿರುವ 'ಆರ್‌ಜಿಎಂಐಐ-ಆರ್‌ಎಕ್ಸ್‌ಐಡಿ' ಎಂಬ ಪದದ ಪ್ರಕಾರ, ಒಳಬರುವ ದತ್ತಾಂಶದ ತಡ ಫೈ ಚಿಪ್ಪಿನ ಹೊಣೆ. ಇಬ್ಬರೂ ತಡ ಮಾಡಿದರೂ ಕೆಡುತ್ತದೆ, ಯಾರೂ ಮಾಡದಿದ್ದರೂ ಕೆಡುತ್ತದೆ. ಆಗ ಕಿಂಡಿಯ ದೀಪ ಹೊತ್ತಿರುತ್ತದೆ, ಲಿಂಕ್ ಬಂದಿದೆ ಎಂದು ಲಾಗ್ ಕೂಡ ಹೇಳುತ್ತದೆ, ಆದರೆ ಪ್ಯಾಕೆಟ್‌ಗಳು ಹಾಳಾಗಿ ಬರುತ್ತವೆ. ಹೊಸ ಬೋರ್ಡು ಎಬ್ಬಿಸುವವರನ್ನು ಇಷ್ಟು ದಾರಿ ತಪ್ಪಿಸುವ ದೋಷ ಮತ್ತೊಂದು ಅಪರೂಪ.

ಮೊದಲು ಪೈನಂಥ ಎಆರ್‌ಎಂ ಪ್ರೊಸೆಸರಿನ ಬೋರ್ಡುಗಳ ಈ ವಿವರವೆಲ್ಲ ಕರ್ನೆಲ್‌ನ ಸಿ ಕೋಡಿನಲ್ಲೇ ಇತ್ತು. ಬೋರ್ಡಿಗೊಂದು ಫೈಲು ಸೇರುತ್ತಾ ಹೋದದ್ದನ್ನು ಕಂಡು 2011ರಲ್ಲಿ ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ ಸಿಡಿದೆದ್ದರು. ಪವರ್‌ಪಿಸಿ ಯಂತ್ರಗಳಲ್ಲಿ ಆಗಲೇ ಬಳಕೆಯಲ್ಲಿದ್ದ ಡಿವೈಸ್ ಟ್ರೀಯತ್ತ ಎಆರ್‌ಎಂ ಬಳಗ ಹೊರಳಿದ್ದು ಆ ಬಳಿಕ.

ನಿಮ್ಮಲ್ಲಿ ಪೈ 4 ಇದ್ದರೆ 'ಪ್ರೋಕ್' ಒಳಗಿನ 'ಡಿವೈಸ್-ಟ್ರೀ' ಡೈರೆಕ್ಟರಿ ತೆರೆಯಿರಿ. ಎತರ್ನೆಟ್ ಹೆಸರಿನ ಫೋಲ್ಡರಿನಲ್ಲಿ ಈ ಸಾಲುಗಳೆಲ್ಲ ಒಂದೊಂದು ಫೈಲಾಗಿ ಸಿಗುತ್ತವೆ. 'ಫೈ-ಮೋಡ್' ಫೈಲನ್ನು ತಪ್ಪದೆ ಓದಿ ನೋಡಿ.