ತಂತ್ರಾಂಶ ರಚನೆ: ಮೊದಲು ವಸ್ತುಗಳನ್ನು ಗುರುತಿಸಿ

ನಿಮ್ಮ ಶಾಲೆಯ ಗ್ರಂಥಾಲಯಕ್ಕೆ ಒಂದು ತಂತ್ರಾಂಶ ಬೇಕಾಗಿದೆ ಎಂದುಕೊಳ್ಳಿ. ಕೆಲಸವನ್ನು ಎಲ್ಲಿಂದ ಆರಂಭಿಸುತ್ತೀರಿ? ಪ್ರೋಗ್ರಾಂ ಬರೆಯಲು ಬಲ್ಲ ವಿದ್ಯಾರ್ಥಿ ಕೂಡಲೇ ಗಣಕದ ಮುಂದೆ ಕುಳಿತು, ಪುಸ್ತಕ ಕೊಡುವುದಕ್ಕೆ ಒಂದು, ಹಿಂದಕ್ಕೆ ಪಡೆಯುವುದಕ್ಕೆ ಒಂದು, ದಂಡದ ಲೆಕ್ಕಕ್ಕೆ ಮತ್ತೊಂದು ಎಂದು ಪ್ರೋಗ್ರಾಂಗಳನ್ನು ಬರೆಯತೊಡಗಬಹುದು. ಕೆಲವೇ ವಾರಗಳಲ್ಲಿ ತಂತ್ರಾಂಶ ಸಿದ್ಧವಾಗುತ್ತದೆ, ಕೆಲಸವನ್ನೂ ಮಾಡುತ್ತದೆ.

ತೊಂದರೆ ಕಾಣಿಸಿಕೊಳ್ಳುವುದು ಮರುವರ್ಷ. ಎಲ್ಲರಿಗೂ 14 ದಿನವಿದ್ದ ಎರವಲಿನ ಅವಧಿ ಶಿಕ್ಷಕರಿಗೆ ಮಾತ್ರ 30 ದಿನ ಎಂದು ಬದಲಾಗುತ್ತದೆ. ಆದರೆ 14 ಎಂಬ ಸಂಖ್ಯೆ ಪುಸ್ತಕ ಕೊಡುವಲ್ಲಿ, ದಂಡದ ಲೆಕ್ಕದಲ್ಲಿ, ನೆನಪೋಲೆಯಲ್ಲಿ, ತಿಂಗಳ ವರದಿಯಲ್ಲಿ, ಹೀಗೆ ನಾಲ್ಕು ಕಡೆ ಹರಡಿಕೊಂಡಿದೆ. ಮೂರು ಕಡೆ ತಿದ್ದಿ ದಂಡದ ಲೆಕ್ಕವನ್ನು ಮರೆತರೆ, 20ನೆಯ ದಿನ ಪುಸ್ತಕ ಹಿಂದಿರುಗಿಸಿದ ಶಿಕ್ಷಕರಿಗೆ ದಂಡ ಬೀಳುತ್ತದೆ! ಬಳಕೆಯಲ್ಲಿರುವ ತಂತ್ರಾಂಶಕ್ಕೆ ಬದಲಾವಣೆ ತಪ್ಪಿದ್ದಲ್ಲ. ಹಾಗಾದರೆ ಬದಲಾವಣೆಯನ್ನು ತಾಳಿಕೊಳ್ಳುವಂತೆ ಅದನ್ನು ಕಟ್ಟುವುದು ಹೇಗೆ? ಇದಕ್ಕೊಂದು ಉತ್ತರ, ವಸ್ತುಕೇಂದ್ರಿತ ವಿಶ್ಲೇಷಣೆ ಮತ್ತು ವಿನ್ಯಾಸ.

ವಿಶ್ಲೇಷಣೆ: ಏನೇನಿದೆ?

ಇಲ್ಲಿ ಮೊದಲ ಪ್ರಶ್ನೆ ‘ಗಣಕ ಏನು ಮಾಡಬೇಕು?’ ಎಂಬುದಲ್ಲ, ‘ಗ್ರಂಥಾಲಯದಲ್ಲಿ ಏನೇನಿದೆ?’ ಎಂಬುದು. ಗ್ರಂಥಪಾಲಕರನ್ನು ಮಾತನಾಡಿಸಿ, ಅವರ ಮಾತಿನಲ್ಲಿ ಬರುವ ನಾಮಪದಗಳನ್ನು ಪಟ್ಟಿಮಾಡಿ: ಪುಸ್ತಕ, ಸದಸ್ಯ, ಎರವಲು, ದಂಡ. ಇವು ನಮ್ಮ ‘ವಸ್ತು’ಗಳಾಗಬಲ್ಲವು. ಒಂದೇ ಬಗೆಯ ವಸ್ತುಗಳ ಸಾಮಾನ್ಯ ವಿವರಣೆಗೆ ‘ವರ್ಗ’ ಎಂದು ಹೆಸರು.

ಈಗ ಪಟ್ಟಿಯನ್ನು ಪರೀಕ್ಷಿಸಿ. ಒಂದೇ ನಿಘಂಟಿನ ಐದು ಪ್ರತಿಗಳಿದ್ದರೆ ಸದಸ್ಯ ಮನೆಗೆ ಒಯ್ಯುವುದು ಯಾವುದನ್ನು? ಒಂದು ಪ್ರತಿಯನ್ನು. ಲೇಖಕರ ಹೆಸರು ಐದಕ್ಕೂ ಒಂದೇ; ಆದರೆ ಹರಿದಿರುವುದು, ಕಳೆದುಹೋಗುವುದು ಆಯಾ ಪ್ರತಿಗೆ ಸೇರಿದ್ದು. ಆದ್ದರಿಂದ ‘ಪುಸ್ತಕ’ ಮತ್ತು ‘ಪ್ರತಿ’ ಎರಡು ಬೇರೆ ವರ್ಗಗಳು.

ಇನ್ನೊಂದು ಪ್ರಶ್ನೆ: ಹಿಂದಿರುಗಿಸಬೇಕಾದ ದಿನಾಂಕ ಯಾರಿಗೆ ಸೇರಿದ್ದು? ಅದನ್ನು ಪ್ರತಿಯಲ್ಲಿ ಬರೆದಿಟ್ಟರೆ, ಮುಂದಿನ ಸದಸ್ಯನಿಗೆ ಕೊಟ್ಟಾಗ ಹಳೆಯ ದಿನಾಂಕ ಅಳಿಸಿಹೋಗುತ್ತದೆ. ಸದಸ್ಯನಲ್ಲಿ ಇಟ್ಟರೆ, ಆತ ಮೂರು ಪುಸ್ತಕ ಒಯ್ದಾಗ ಗೊಂದಲ. ಅದು ಸೇರುವುದು ‘ಎರವಲು’ ಎಂಬ ವಸ್ತುವಿಗೆ. ಎರವಲು ಕಣ್ಣಿಗೆ ಕಾಣುವ ಪದಾರ್ಥವಲ್ಲ; ಸದಸ್ಯ ಮತ್ತು ಪ್ರತಿಯ ನಡುವಿನ ಒಂದು ಸಂಬಂಧ. ಆದರೂ ಅದು ವಸ್ತುವೇ. ಒಂದು ಸಾಲನ್ನೂ ಬರೆಯುವ ಮೊದಲೇ ಇಂತಹ ತಪ್ಪುಗಳು ತಿಳಿದುಬರುವುದು ವಿಶ್ಲೇಷಣೆಯ ದೊಡ್ಡ ಲಾಭ.

ವಿನ್ಯಾಸ: ಯಾರ ಹೊಣೆ?

ಮುಂದಿನ ಹಂತ ಹೊಣೆ ಹಂಚುವುದು. ಪ್ರತಿಯೊಂದು ವಸ್ತುವೂ ತನ್ನ ಮಾಹಿತಿಯನ್ನು ತನ್ನಲ್ಲೇ ಕಾಪಾಡಿಕೊಂಡು, ಕೇಳಿದ್ದಕ್ಕೆ ಉತ್ತರ ಮಾತ್ರ ಕೊಡುತ್ತದೆ. ಹೊರಗಿನವರು ಒಳಗಿನ ಅಂಕಿಗಳನ್ನು ಮುಟ್ಟುವಂತಿಲ್ಲ. ಇದೇ ಎನ್‌ಕ್ಯಾಪ್ಸುಲೇಷನ್.

ವಿದ್ಯಾರ್ಥಿ, ಶಿಕ್ಷಕ ಇಬ್ಬರೂ ಸದಸ್ಯರೇ. ಹೆಸರು, ಸದಸ್ಯತ್ವ ಸಂಖ್ಯೆಯಂತಹ ಗುಣಗಳನ್ನು ಈ ಎರಡು ಉಪವರ್ಗಗಳು ‘ಸದಸ್ಯ’ ವರ್ಗದಿಂದ ಪಡೆಯುತ್ತವೆ. ಇದು ಇನ್‌ಹೆರಿಟೆನ್ಸ್, ಅಂದರೆ ಆನುವಂಶಿಕತೆ. ‘ನಿಮಗೆ ಎಷ್ಟು ದಿನ?’ ಎಂಬ ಒಂದೇ ಪ್ರಶ್ನೆಗೆ ವಿದ್ಯಾರ್ಥಿ 14 ಎಂದೂ ಶಿಕ್ಷಕ 30 ಎಂದೂ ಉತ್ತರಿಸುವುದು ಬಹುರೂಪತೆ. ದಂಡದ ಲೆಕ್ಕವಾಗಲಿ ನೆನಪೋಲೆಯಾಗಲಿ ಆ ಸಂಖ್ಯೆಯನ್ನು ತಾವಾಗಿ ಇಟ್ಟುಕೊಳ್ಳುವುದಿಲ್ಲ, ಕೇಳಿ ತಿಳಿಯುತ್ತವೆ. ನಿಯಮ ಬದಲಾದರೆ ತಿದ್ದಬೇಕಾದ ಜಾಗ ಒಂದೇ!

ಬೆಳೆದು ಬಂದ ದಾರಿ

ಈ ಚಿಂತನೆಯ ಬೇರು ನಾರ್ವೆಯಲ್ಲಿದೆ. ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೀಗಾರ್ಡ್ ಅವರು, ನೈಜ ಜಗತ್ತಿನ ವ್ಯವಸ್ಥೆಗಳನ್ನು ಗಣಕದಲ್ಲಿ ಅನುಕರಿಸಲು 1960ರ ದಶಕದಲ್ಲಿ ಸಿಮುಲಾ ಭಾಷೆಯನ್ನು ರೂಪಿಸಿದರು. ವರ್ಗ, ಉಪವರ್ಗಗಳ ಕಲ್ಪನೆ ಸಿಮುಲಾ 67ರಲ್ಲಿ ಬಂತು. ಇವರಿಗೆ 2001ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಅಮೆರಿಕದ ಜೆರಾಕ್ಸ್ ಪಾರ್ಕ್‌ನಲ್ಲಿ ಅಲನ್ ಕೇ ಮತ್ತು ಸಂಗಡಿಗರ ಸ್ಮಾಲ್‌ಟಾಕ್, ಬ್ಯಾರ್ನೆ ಸ್ಟ್ರೌಸ್ಟ್ರಪ್ ಅವರ ಸಿ ಪ್ಲಸ್ ಪ್ಲಸ್ ಇದೇ ದಾರಿಯಲ್ಲಿ ಬಂದವು. ವಿನ್ಯಾಸವನ್ನು ಚಿತ್ರಗಳಲ್ಲಿ ಬರೆಯಲು ಗ್ರೇಡಿ ಬೂಚ್, ಜೇಮ್ಸ್ ರಂಬಾ, ಐವಾರ್ ಯಾಕೊಬ್‌ಸನ್ ಅವರ ಪ್ರಯತ್ನದಿಂದ ಮೂಡಿದ ಯುಎಂಎಲ್ 1997ರಲ್ಲಿ ಮಾನಕವಾಯಿತು.

ಎಚ್ಚರವೂ ಇರಲಿ

ಕಂಡದ್ದಕ್ಕೆಲ್ಲ ವರ್ಗ ಕಟ್ಟುವುದು ಜಾಣತನವಲ್ಲ. ಹತ್ತು ಸಾಲಿನ ಲೆಕ್ಕಕ್ಕೆ ಈ ವಿಧಾನ ಭಾರವಾದೀತು. ಆನುವಂಶಿಕತೆಯೂ ಹಾಗೆಯೇ. ಇಂದಿನ ವಿದ್ಯಾರ್ಥಿ ನಾಳೆ ಅದೇ ಸಂಸ್ಥೆಯಲ್ಲಿ ಶಿಕ್ಷಕನಾದರೆ? ಸಾಮಾನ್ಯ ಭಾಷೆಗಳಲ್ಲಿ ಒಂದು ವಸ್ತು ತನ್ನ ವರ್ಗವನ್ನು ನಡುವೆ ಬದಲಿಸದು. ಆಗ ‘ಸದಸ್ಯತ್ವ ನಿಯಮ’ ಎಂಬ ಬೇರೆ ವಸ್ತುವನ್ನು ಸದಸ್ಯನಿಗೆ ಜೋಡಿಸಿ, ಬೇಕಾದಾಗ ಬದಲಿಸುವುದು ಲೇಸು.

ಗಣಕವಿಲ್ಲದೆ ಮಾಡಿ ನೋಡಿ

ಕೆಂಟ್ ಬೆಕ್ ಮತ್ತು ವಾರ್ಡ್ ಕನಿಂಗ್‌ಹ್ಯಾಮ್ 1989ರಲ್ಲಿ ಸೂಚಿಸಿದ ಸರಳ ಚಟುವಟಿಕೆಯೊಂದು ತರಗತಿಗೆ ಹೇಳಿ ಮಾಡಿಸಿದಂತಿದೆ. ಒಂದೊಂದು ವರ್ಗಕ್ಕೆ ಒಂದೊಂದು ರಟ್ಟಿನ ಚೀಟಿ. ಅದರ ಮೇಲೆ ವರ್ಗದ ಹೆಸರು, ಎಡಕ್ಕೆ ಅದರ ಹೊಣೆಗಳು, ಬಲಕ್ಕೆ ಅದು ನೆರವು ಪಡೆಯುವ ಇತರ ವರ್ಗಗಳು. ಚೀಟಿಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ‘ಪುಸ್ತಕ ತಡವಾಗಿ ಬಂದಿದೆ’ ಎಂಬ ಸಂದರ್ಭವನ್ನು ಅಭಿನಯಿಸಲು ಹೇಳಿ. ಯಾರ ಚೀಟಿಯಲ್ಲೂ ಇಲ್ಲದ ಕೆಲಸ ಎದುರಾದರೆ, ಅಥವಾ ಎಲ್ಲ ಕೆಲಸವೂ ಒಬ್ಬನ ತಲೆಗೇ ಬಂದರೆ, ವಿನ್ಯಾಸದಲ್ಲಿ ದೋಷವಿದೆ ಎಂದರ್ಥ. ಅದನ್ನು ತಿದ್ದಲು ಬೇಕಾದದ್ದು ಒಂದು ಪೆನ್ಸಿಲ್ ಮತ್ತು ರಬ್ಬರ್ ಮಾತ್ರ.